ಓರೆಯಾಗಿ ತೇಲಿದ ಆಮೆ

ಬೆಂಗಳೂರಿನ ಆ ಮನೆಯ ಹಾಲ್‌ನಲ್ಲಿ ಟಿವಿ ಪಕ್ಕದಲ್ಲೇ ಗಾಜಿನ ತೊಟ್ಟಿ. ಅದರಲ್ಲಿ ಅಂಗೈಯಗಲದ ಒಂದು ಕೆಂಪುಕಿವಿ ಆಮೆ. ಡಿಸೆಂಬರಿನ ಒಂದು ಸಂಜೆ ನಾನು ಹೋದಾಗ ಮನೆಯ ಏಳು ವರ್ಷದ ಹುಡುಗಿ ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು: "ಆಂಟಿ, ನೋಡಿ, ಇದು ವಾಲ್ಕೊಂಡು ಈಜೋದು ಕಲ್ತಿದೆ!" ಆಮೆಯ ಎಡಬದಿ ನೀರಿನೊಳಗೆ ತಗ್ಗಿತ್ತು, ಬಲಬದಿ ಮೇಲೆದ್ದು ಒಣಗಿತ್ತು. ಕೆಳಗೆ ಮುಳುಗಲು ಕಾಲು ಬಡಿಯುತ್ತಿತ್ತು, ಆಗುತ್ತಿರಲಿಲ್ಲ. ಉಸಿರೆಳೆಯುವಾಗಲೆಲ್ಲ ಕತ್ತನ್ನು ಉದ್ದಕ್ಕೆ ಚಾಚಿ ಬಾಯನ್ನು ತುಸು ತೆರೆಯುತ್ತಿತ್ತು. "ಮೂರು ವಾರದಿಂದ ಹೀಗೇ ಇದೆ. ಊಟಾನೂ ಬಿಟ್ಟಿದೆ. ಚಳಿಗಿರಬೇಕು ಅಂತ ಸುಮ್ನಿದ್ವಿ" ಎಂದರು ಹುಡುಗಿಯ ಅಮ್ಮ.

ಆಮೆಗೆ ನ್ಯುಮೋನಿಯಾ ಆಗಿತ್ತು.

ಪುಪ್ಪುಸದ ಕಾಯಿಲೆ ಓರೆ ತೇಲಾಟವಾಗಿ ಕಾಣಿಸಿಕೊಂಡದ್ದು ಹೇಗೆ ಎಂದು ತಿಳಿಯಬೇಕಾದರೆ ಆಮೆಯ ಒಳಗಿನ ರಚನೆ ಗೊತ್ತಿರಬೇಕು. ನಮ್ಮ ಪುಪ್ಪುಸಗಳು ಎದೆಗೂಡಿನಲ್ಲಿವೆ. ಪಕ್ಕೆಲುಬು ಹಿಗ್ಗಿದಾಗ, ಕೆಳಗಿನ ವಪೆ ಇಳಿದಾಗ ಗಾಳಿ ತುಂಬಿಕೊಳ್ಳುತ್ತವೆ. ಆಮೆಯ ಪಕ್ಕೆಲುಬುಗಳು ಬೆನ್ನುಚಿಪ್ಪಿನ ಭಾಗವಾಗಿಯೇ ಬೆಸೆದುಹೋಗಿವೆ, ಹಿಗ್ಗಲಾರವು. ವಪೆ ಎಂಬ ಸ್ನಾಯುವಿನ ಪರದೆಯೂ ಅದಕ್ಕಿಲ್ಲ. ಬೆನ್ನುಚಿಪ್ಪಿನ ಅಡಿಗೆ ಎಡಕ್ಕೊಂದು ಬಲಕ್ಕೊಂದು ಅಂಟಿಕೊಂಡ ಪುಪ್ಪುಸಗಳನ್ನು ಅದು ಹೊಟ್ಟೆಯ ಸ್ನಾಯುಗಳಿಂದ, ಕಾಲುಗಳ ಚಲನೆಯಿಂದ ಹಿಂಡಿ ಬಿಡುತ್ತದೆ. ನೀರಿನಲ್ಲಿ ಆ ಎರಡು ಗಾಳಿಚೀಲಗಳೇ ಅದರ ತಕ್ಕಡಿ. ಒಂದರಲ್ಲಿ ಕೀವು, ಲೋಳೆ ತುಂಬಿ ಗಾಳಿಯ ಜಾಗ ಕಡಿಮೆಯಾದರೆ ಆ ಬದಿ ಭಾರವಾಗಿ ತಗ್ಗುತ್ತದೆ.

ವಪೆ ಇಲ್ಲದ್ದಕ್ಕೆ ಇನ್ನೊಂದು ಪರಿಣಾಮವೂ ಇದೆ: ಸರೀಸೃಪಕ್ಕೆ ನಮ್ಮ ಹಾಗೆ ಕೆಮ್ಮಲು ಬರುವುದಿಲ್ಲ. ನಾಯಿಯೋ ಮಗುವೋ ಆಗಿದ್ದರೆ ಮೊದಲ ರಾತ್ರಿಯೇ ಕೆಮ್ಮಿ ಮನೆಯವರನ್ನೆಲ್ಲ ಎಬ್ಬಿಸುತ್ತಿತ್ತು. ಆಮೆಯ ಪುಪ್ಪುಸದಲ್ಲಿ ಲೋಳೆ ಸದ್ದಿಲ್ಲದೆ ಕೂಡುತ್ತಾ ಹೋಗುತ್ತದೆ. ಮೂಗಿನ ಹೊಳ್ಳೆಯಲ್ಲಿ ಒಂದು ಗುಳ್ಳೆ ಕಾಣಿಸೀತು, ಉಸಿರಿನಲ್ಲಿ ಸಣ್ಣ ಸಿಳ್ಳು ಕೇಳೀತು. ಅವೆರಡೂ ನಮ್ಮ ಗಮನಕ್ಕೆ ಬಾರದೆ ಹೋದರೆ ಮುಂದಿನದು ಬಾಯಿ ತೆರೆದು ಉಸಿರಾಡುವುದು, ಕತ್ತು ಚಾಚುವುದು, ಓರೆಯಾಗುವುದು. ಕರುಳಿನಲ್ಲಿ ಒಂದು ಬದಿಗೆ ಗಾಳಿ ಸಿಕ್ಕಿಕೊಂಡರೂ ಆಮೆ ಓರೆಯಾಗಿ ತೇಲಬಹುದು. ಯಾವುದು ಎಂದು ಹೇಳಲು ಎಕ್ಸ್‌ರೇ ಬೇಕು. ಏನೇ ಇದ್ದರೂ ಓರೆಯಾಗಿ ತೇಲುವ ಆಮೆ ಆ ವಾರವೇ ವೈದ್ಯರ ಮೇಜಿನ ಮೇಲೆ ಇರಬೇಕು.

ಮನೆಯಲ್ಲಿ ಸಾಕಿದ ಸರೀಸೃಪ ಸತ್ತಾಗ ನಾನು ಅತಿ ಹೆಚ್ಚು ಕೇಳಿರುವ ಮಾತು "ಇದ್ದಕ್ಕಿದ್ದ ಹಾಗೆ ಹೋಗ್ಬಿಡ್ತು" ಎಂಬುದು. ಆ ನೋವು ನಿಜ, ಆದರೆ ಮಾತು ನಿಜವಾಗಿರುವುದು ಬಹಳ ಅಪರೂಪ. ಆಮೆ, ಹಲ್ಲಿ, ಹಾವುಗಳು ನಿಧಾನವಾಗಿ ಬದುಕುವ ಹಾಗೆಯೇ ನಿಧಾನವಾಗಿ ಕಾಯಿಲೆ ಬೀಳುತ್ತವೆ, ನಿಧಾನವಾಗಿ ಸಾಯುತ್ತವೆ. ಅಷ್ಟೇ ತೂಕದ ಸಸ್ತನಿಯೊಂದು ಸುಮ್ಮನೆ ಕೂತಿರಲು ಖರ್ಚು ಮಾಡುವ ಶಕ್ತಿಯ ಹತ್ತರಲ್ಲೊಂದು ಭಾಗದ ಆಸುಪಾಸಿನಲ್ಲಿ ಇವುಗಳ ಸಂಸಾರ ನಡೆಯುತ್ತದೆ. ಊಟ ಬಿಟ್ಟ ಬೆಕ್ಕು ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಊಟ ಬಿಟ್ಟ ಆಮೆ ತಿಂಗಳುಗಟ್ಟಲೆ ಅದೇ ಕಲ್ಲಿನ ಮೇಲೆ ಅದೇ ಮುಖ ಹೊತ್ತು ಕೂತಿರುತ್ತದೆ. ನಮಗೆ ಸಾವು ಕಾಣಿಸುವ ದಿನ ಅದರ ಕಾಯಿಲೆಗೆ ಮೂರು ತಿಂಗಳು ವಯಸ್ಸಾಗಿರಬಹುದು. ದುರ್ಬಲವಾಗಿ ಕಂಡದ್ದನ್ನು ಬೇಟೆಗಾರ ಮೊದಲು ಹಿಡಿಯುವ ಕಾಡಿನಲ್ಲಿ ವಿಕಾಸಗೊಂಡ ಪ್ರಾಣಿಗಳಿವು. ನೋವನ್ನು ತೋರಿಸಿಕೊಳ್ಳುವ ರೂಢಿ ಇವುಗಳಲ್ಲಿ ಬೆಳೆದಿಲ್ಲ.

ಹಾಗಾದರೆ ಏನನ್ನು ನೋಡಬೇಕು? ಮೊದಲು, ಅದು ಎಲ್ಲಿ ಕೂತಿದೆ ಎಂಬುದನ್ನು.

1970ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗ್ವಾನಾ ಎಂಬ ಹಲ್ಲಿಯ ಮೇಲೆ ಒಂದು ಪ್ರಯೋಗ ಮಾಡಿದರು. ಪೆಟ್ಟಿಗೆಯ ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು. ಹಲ್ಲಿ ತನಗೆ ಬೇಕಾದ ಕಡೆ ಓಡಾಡಿಕೊಂಡು ಮೈ ಬಿಸಿಯನ್ನು ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಚುಚ್ಚಿದ ಮೇಲೆ ಅದೇ ಹಲ್ಲಿಗಳು ಬಿಸಿ ಬದಿಯಲ್ಲಿ ಹೆಚ್ಚು ಹೊತ್ತು ಕೂತು ಮೈ ಬಿಸಿಯನ್ನು ಎರಡು ಡಿಗ್ರಿ ಏರಿಸಿಕೊಂಡವು. ನಮಗೆ ಜ್ವರ ಒಳಗಿನಿಂದ ಬರುತ್ತದೆ. ಸರೀಸೃಪ ಜ್ವರವನ್ನು ಬಿಸಿಲಿನಿಂದ ತಂದುಕೊಳ್ಳುತ್ತದೆ. 1975ರಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋದರು. ಸೋಂಕು ತಗುಲಿದ ಹಲ್ಲಿಗಳನ್ನು 34ರಿಂದ 42 ಡಿಗ್ರಿವರೆಗಿನ ಬೇರೆಬೇರೆ ಸ್ಥಿರ ಉಷ್ಣತೆಯ ಗೂಡುಗಳಲ್ಲಿಟ್ಟರು. ಉಷ್ಣತೆ ಹೆಚ್ಚಿದಷ್ಟೂ ಬದುಕಿದವು ಹೆಚ್ಚು. ತಂಪಿನ ಗೂಡಿನವು ಸತ್ತವು. ಜ್ವರ ರೋಗದ ಉಪದ್ರವ ಮಾತ್ರವಲ್ಲ, ಗುಣವಾಗುವ ದಾರಿಯೂ ಹೌದು ಎಂಬುದಕ್ಕೆ ವೈದ್ಯಲೋಕಕ್ಕೆ ಸಿಕ್ಕ ಗಟ್ಟಿ ಸಾಕ್ಷ್ಯಗಳಲ್ಲಿ ಇದೂ ಒಂದು, ಮತ್ತು ಅದನ್ನು ಕೊಟ್ಟದ್ದು ಒಂದು ಹಲ್ಲಿ.

ಈ ಪ್ರಯೋಗವನ್ನು ಓದಿದ ಮೇಲೆ ಬೆಂಗಳೂರಿನ ಆ ತೊಟ್ಟಿಯತ್ತ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೆಂಪುಕಿವಿ ಆಮೆ ಮೂಲತಃ ಅಮೆರಿಕದ ಮಿಸಿಸಿಪಿ ಕಣಿವೆಯದು. ಅದಕ್ಕೆ 24ರಿಂದ 27 ಡಿಗ್ರಿಯ ನೀರು ಬೇಕು, ಮೇಲೆ ಹತ್ತಿ ಮೈ ಒಣಗಿಸಿಕೊಳ್ಳಲು 30 ಡಿಗ್ರಿ ದಾಟಿದ ಒಂದು ಒಣ ಜಾಗ ಬೇಕು. ಆ ತೊಟ್ಟಿಯಲ್ಲಿ ಹೀಟರ್ ಇರಲಿಲ್ಲ, ದೀಪ ಇರಲಿಲ್ಲ, ಹತ್ತಿ ಕೂರಲು ಕಲ್ಲಿರಲಿಲ್ಲ. ಹೊರಗೆ ರಾತ್ರಿ 16 ಡಿಗ್ರಿ. ಜ್ವರ ತಂದುಕೊಳ್ಳಲು ಬೇಕಾದ ಬಿಸಿಲೇ ಅದಕ್ಕೆ ಸಿಗುವಂತಿರಲಿಲ್ಲ. ಚಳಿಗೆ ಅದರ ರಕ್ತದ ರಕ್ಷಕ ಕಣಗಳು ಮಂದವಾದವು, ತಿಂದದ್ದು ಕರುಳಿನಲ್ಲಿ ಜೀರ್ಣವಾಗದೆ ಉಳಿಯಿತು, ಹಸಿವು ಹೋಯಿತು. ಮನೆಯವರು ಕೆಟ್ಟವರಲ್ಲ, ಆಮೆ ಕೊಂಡ ಅಂಗಡಿಯಲ್ಲಿ ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ.

ಹೀಗಾಗಿ ಸಾಕಿದ ಪ್ರಾಣಿ ದಿನದ ಯಾವ ಹೊತ್ತಿನಲ್ಲಿ ಎಲ್ಲಿರುತ್ತದೆ ಎಂಬುದು ನಿಮಗೆ ಕಣ್ಣುಮುಚ್ಚಿ ಹೇಳಲು ಬರಬೇಕು. ನೀರಿನ ಆಮೆ ರಾತ್ರಿಯೂ ನೀರಿಗಿಳಿಯದೆ ಕಲ್ಲಿನ ಮೇಲೇ ಉಳಿದರೆ, ಹಲ್ಲಿ ಬೆಳಗಿನಿಂದ ಸಂಜೆಯವರೆಗೆ ದೀಪದ ಕೆಳಗಿಂದ ಕದಲದಿದ್ದರೆ, ಒಳಗೆ ಏನೋ ಹೋರಾಟ ನಡೆದಿದೆ. ಅದಕ್ಕಿಂತ ಕೆಟ್ಟದ್ದು ಇದರ ತಿರುವುಮುರುವು: ಬಿಸಿ ಜಾಗ ಇದ್ದರೂ ಅದರತ್ತ ಹೋಗದೆ ತಂಪು ಮೂಲೆಯಲ್ಲಿ ಮುದುಡಿ ಕೂರುವುದು. ಬಾಯಿ ತೆರೆಯುವುದಕ್ಕೂ ಜಾಗದ ಲೆಕ್ಕವಿದೆ. ಬಿಸಿ ದೀಪದಡಿ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಬಾಯಿ ಅಗಲಿಸಿ ಕೂತಿದ್ದರೆ ಹೆಚ್ಚಿದ ಬಿಸಿಯನ್ನು ಹೊರಹಾಕುತ್ತಿದೆ, ಅಷ್ಟೆ. ತಂಪಿನ ಮೂಲೆಯಲ್ಲಿ ಬಾಯಿ ತೆರೆದಿದ್ದರೆ ಅದು ಉಸಿರಿಗಾಗಿ ಕಷ್ಟಪಡುತ್ತಿದೆ.

ಎರಡನೆಯದು ತೂಕ. ನನ್ನ ಮಟ್ಟಿಗೆ ಸರೀಸೃಪ ಸಾಕುವ ಮನೆಯಲ್ಲಿ ಅತ್ಯಂತ ಬೆಲೆಬಾಳುವ ವೈದ್ಯಕೀಯ ಉಪಕರಣ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಚಿಪ್ಪಿನೊಳಗಿನ ಪ್ರಾಣಿ ಸೊರಗಿದ್ದು ಹೊರಗೆ ಕಾಣುವುದಿಲ್ಲ. ಹಾವಿನ ಮೈ ಬತ್ತಿದ್ದು ಬೆನ್ನೆಲುಬು ಏಣಿನಂತೆ ಎದ್ದಮೇಲೆ ತಾನೇ ಕಾಣುವುದು? ಗ್ರಾಂ ಲೆಕ್ಕ ಸುಳ್ಳು ಹೇಳುವುದಿಲ್ಲ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಬೆಳೆಯುವ ಮರಿಯ ತೂಕ ನಿಂತಲ್ಲೇ ನಿಂತರೆ ಅದೂ ಒಂದು ಎಚ್ಚರಿಕೆ. ದೊಡ್ಡ ಪ್ರಾಣಿ ಹತ್ತರಲ್ಲಿ ಒಂದು ಭಾಗ ಕಳೆದುಕೊಂಡಿದ್ದರೆ ಇನ್ನು ಕಾಯಬಾರದು. ಬ್ರಿಟನ್ನಿನ ಪಶುವೈದ್ಯ ಆಲಿಫಂಟ್ ಜಾಕ್ಸನ್ ಮೆಡಿಟರೇನಿಯನ್ ನೆಲದ ಆಮೆಗಳಿಗಾಗಿ ಉದ್ದಕ್ಕೆ ಇಷ್ಟು ತೂಕ ಇರಬೇಕು ಎಂಬ ಒಂದು ಹೋಲಿಕೆಯ ನಕ್ಷೆಯನ್ನೇ ರಚಿಸಿದ್ದರು. ಅದನ್ನು ಬೇರೆ ಜಾತಿಯ ಆಮೆಗಳಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ನಿಮ್ಮ ಪ್ರಾಣಿಗೆ ಅದರದೇ ಹಿಂದಿನ ಪುಟಗಳು ಅಳತೆಗೋಲು.

ಈ ತಕ್ಕಡಿ ಸುಮ್ಮಸುಮ್ಮನೆ ಗಾಬರಿಯಾಗುವುದನ್ನೂ ತಪ್ಪಿಸುತ್ತದೆ. ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವು ತಿಂಗಳುಗಟ್ಟಲೆ ಇಲಿಯನ್ನು ಮೂಸದೆ ಇರುವುದುಂಟು. ಪೊರೆ ಬಿಡುವ ಮುನ್ನ ಹಾವಿನ ಕಣ್ಣು ಮಂಜಾಗಿ ನೀಲಿಗಟ್ಟಿ, ಅದು ಊಟ ಬಿಟ್ಟು ಅಡಗಿ ಕೂರುತ್ತದೆ. ಎರಡು ವಾರದೊಳಗೆ ಪೊರೆ ಕಳಚಿ ಹೊಸದಾಗಿ ಹೊರಬರುತ್ತದೆ. ತೂಕ ಇಳಿಯದೆ ಊಟ ಬಿಟ್ಟಿದ್ದರೆ ಕಾದು ನೋಡಬಹುದು. ಇಗ್ವಾನಾ ಸೀನಿ ಗಾಜಿನ ಮೇಲೆಲ್ಲ ಬಿಳಿ ಪುಡಿ ಸಿಡಿಸಿದರೆ ಅದು ನೆಗಡಿಯಲ್ಲ, ರಕ್ತದಲ್ಲಿ ಹೆಚ್ಚಾದ ಉಪ್ಪನ್ನು ಮೂಗಿನ ಗ್ರಂಥಿಯಿಂದ ಹೊರಹಾಕುವ ಅದರ ಕ್ರಮ. ಗಂಡು ಆಮೆ ಆಗಾಗ ಬಾಲದ ಬುಡದಿಂದ ಕಪ್ಪನೆಯ ದೊಡ್ಡ ಅಂಗವೊಂದನ್ನು ಹೊರಚಾಚಿದಾಗ ಕರುಳೇ ಹೊರಬಂತು ಎಂದು ಗಾಬರಿಬಿದ್ದು ಫೋನ್ ಮಾಡುವವರಿದ್ದಾರೆ. ಅದು ಅದರ ಶಿಶ್ನ, ಕೆಲವೇ ನಿಮಿಷದಲ್ಲಿ ತಾನೇ ಒಳಗೆ ಹೋಗುತ್ತದೆ. ಆದರೆ ಹೊರಬಂದದ್ದು ಏನೇ ಇರಲಿ, ಒಳಗೆ ಹೋಗದೆ ಉಳಿದರೆ ತುರ್ತು. ಒಣಗಲು ಬಿಡದೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಆಗಿಂದಾಗಲೇ ಹೊರಡಬೇಕು.

ಈಗ ಮೂಳೆಯ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕಿದೆ, ಏಕೆಂದರೆ ಸಾಕಿದ ಹಲ್ಲಿ, ಆಮೆಗಳನ್ನು ಕಾಡುವ ಕಾಯಿಲೆಗಳಲ್ಲಿ ಇದರಷ್ಟು ಸಾಮಾನ್ಯವಾದದ್ದು, ಇದರಷ್ಟು ಸುಲಭವಾಗಿ ತಪ್ಪಿಸಬಹುದಾದದ್ದು ಬೇರೆ ಇಲ್ಲ.

ಮೂಳೆಗೆ ಕ್ಯಾಲ್ಸಿಯಂ ಬೇಕು. ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಬರಲು ಡಿ3 ವಿಟಮಿನ್ ಬೇಕು. ಹಗಲು ಬಿಸಿಲು ಕಾಯುವ ಹಲ್ಲಿ, ಆಮೆಗಳು ಅದನ್ನು ಚರ್ಮದಲ್ಲಿ ತಯಾರಿಸಿಕೊಳ್ಳುತ್ತವೆ, ಅದಕ್ಕೆ ಸೂರ್ಯನ ಬೆಳಕಿನಲ್ಲಿರುವ ಯುವಿ-ಬಿ ಕಿರಣ, ಅಂದರೆ ಸುಮಾರು 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ್ದು, ಮೈಗೆ ತಾಗಬೇಕು. ಕಿಟಕಿಯ ಗಾಜು ಈ ಕಿರಣವನ್ನು ತಡೆದುಬಿಡುತ್ತದೆ. ಬಿಸಿಲು ಬೀಳುವ ಕಿಟಕಿಯ ಒಳಗೆ ತೊಟ್ಟಿ ಇಟ್ಟು "ದಿನಾ ಬಿಸಿಲು ಸಿಗುತ್ತೆ" ಎಂದು ನೆಮ್ಮದಿಯಾಗಿರುವವರು ಬಹಳ ಮಂದಿ; ಅಲ್ಲಿ ಬೆಳಕು ಬರುತ್ತದೆ, ಬೇಕಾದದ್ದು ಬರುವುದಿಲ್ಲ. ಮೇಲಾಗಿ ನೆರಳಿಲ್ಲದ ಗಾಜಿನ ತೊಟ್ಟಿ ಬಿಸಿಲಿಗೆ ಬೇಗ ಕಾದು ಒಳಗಿನ ಜೀವವನ್ನೇ ಬೇಯಿಸಿಬಿಡಬಹುದು. ಯುವಿ-ಬಿ ದೀಪ ಹಾಕಿದ್ದರೂ ಆರು ತಿಂಗಳಿಂದ ವರ್ಷದೊಳಗೆ ಅದರ ಕಿರಣ ಕುಂದುತ್ತದೆ, ಬೆಳಕು ಮಾತ್ರ ಮೊದಲಿನಂತೆಯೇ ಇರುತ್ತದೆ. ಹೊಳೆಯುತ್ತಿದೆ ಎಂದು ನಂಬಬಾರದು.

ರಕ್ತದಲ್ಲಿ ಕ್ಯಾಲ್ಸಿಯಂ ತೀರ ಕಡಿಮೆಯಾದರೆ ಹೃದಯವೇ ನಿಲ್ಲಬಹುದು, ಹಾಗಾಗಿ ದೇಹ ಅದಕ್ಕೆ ಎಡೆಗೊಡುವುದಿಲ್ಲ. ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಮೂಳೆಯನ್ನು ಕರಗಿಸಿ ರಕ್ತಕ್ಕೆ ಕ್ಯಾಲ್ಸಿಯಂ ಸಾಲ ಕೊಡುತ್ತದೆ. ಆಹಾರದಲ್ಲಿ ರಂಜಕ ಹೆಚ್ಚಾದರೂ ಇದೇ ಆಗುತ್ತದೆ. ಕ್ಯಾಲ್ಸಿಯಂ ಎರಡು ಪಾಲು, ರಂಜಕ ಒಂದು ಪಾಲು ಇದ್ದರೆ ಚೆನ್ನ. ಬರೀ ಮಾಂಸದ ತುಂಡಿನಲ್ಲಿ ರಂಜಕವೇ ಹತ್ತು ಪಟ್ಟಿಗೂ ಮಿಗಿಲು. ದಿನವೂ ಬಿಡಿ ಮಾಂಸವನ್ನೋ ಕ್ಯಾಲ್ಸಿಯಂ ಪುಡಿ ಹಚ್ಚದ ಮಿಡತೆಗಳನ್ನೋ ತಿನ್ನುವ ಪ್ರಾಣಿ ದಿನವೂ ತನ್ನ ಮೂಳೆಯನ್ನು ಕರಗಿಸುತ್ತಿರುತ್ತದೆ. ಸೊಪ್ಪು ತಿನ್ನುವ ಇಗ್ವಾನಾಗೆ ಪಾಲಕ್ ಒಂದನ್ನೇ ಹಾಕುವುದೂ ತಪ್ಪು. ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ನಮ್ಮ ಹಿತ್ತಲಿನ ದಾಸವಾಳದ ಎಲೆ, ಹೂವು ಅದಕ್ಕಿಂತ ಎಷ್ಟೋ ಮೇಲು.

ಈ ಕಾಯಿಲೆಯ ಮೊದಲ ಗುರುತು ಜನರನ್ನು ಮೋಸಗೊಳಿಸುವಂಥದ್ದು. ಮೂಳೆ ಮೆತ್ತಗಾದಾಗ ಅದಕ್ಕೆ ಆಸರೆಯಾಗಿ ಸುತ್ತಲೂ ನಾರಿನ ಅಂಗಾಂಶ ಬೆಳೆಯುತ್ತದೆ. ಇಗ್ವಾನಾದ ತೊಡೆ ದಪ್ಪಗೆ, ದುಂಡಗೆ, ಮುಟ್ಟಿದರೆ ಗಟ್ಟಿಯಾಗಿ ಕಾಣುತ್ತದೆ. ಮನೆಯವರು "ಚೆನ್ನಾಗಿ ತಿಂದು ಮೈಕೈ ತುಂಬ್ಕೊಂಡಿದೆ" ಎಂದು ಸಂತೋಷಪಡುತ್ತಾರೆ. ತೊಡೆ ದುಂಡಗಿದ್ದು ಬೆನ್ನು, ಬಾಲದ ಬುಡ ತೆಳ್ಳಗಿದ್ದರೆ ಅದು ಊತವೇ ಹೊರತು ಪುಷ್ಟಿಯಲ್ಲ. ಕೆಳದವಡೆಯನ್ನು ಮೆಲ್ಲಗೆ ಮುಟ್ಟಿ ನೋಡಿದರೆ ರಬ್ಬರಿನಂತೆ ಬಾಗುತ್ತದೆ. ಹೊಟ್ಟೆಯನ್ನು ನೆಲದಿಂದ ಎತ್ತಿ ನಡೆಯಲಾಗದೆ ತೆವಳುತ್ತದೆ. ಆಮೆಯ ಚಿಪ್ಪು ಒತ್ತಿದರೆ ತಗ್ಗುತ್ತದೆ. ತೀರ ಚಿಕ್ಕ ಮರಿಯ ಚಿಪ್ಪು ತುಸು ಬಾಗುವುದು ಸಹಜ, ವರ್ಷ ದಾಟಿದ ಆಮೆಯದು ಕಲ್ಲಿನಂತಿರಬೇಕು. ಕೊನೆಯ ಹಂತದಲ್ಲಿ ಬೆರಳುಗಳು ತಾವಾಗಿ ಅದುರುತ್ತವೆ. ಮೂಳೆಯ ಸಾಲವೂ ಮುಗಿದು ರಕ್ತದ ಕ್ಯಾಲ್ಸಿಯಂ ಇಳಿಯಲು ಶುರುವಾಗಿದೆ ಎಂಬುದರ ಗುರುತು ಆ ನಡುಕ. ನಾಳೆ ಬೆಳಗ್ಗೆ ನೋಡೋಣ ಎನ್ನಲು ಅಲ್ಲಿ ಸಮಯವಿಲ್ಲ.

ಇನ್ನು ಕಿವಿ, ಕಣ್ಣಿನ ಮಾತು. ಕೆಂಪುಕಿವಿ ಆಮೆಗೆ ಆ ಹೆಸರು ಬಂದದ್ದು ಕಣ್ಣಿನ ಹಿಂದಿರುವ ಕೆಂಪು ಪಟ್ಟೆಯಿಂದ. ಅದರ ನಿಜವಾದ ಕಿವಿಯೂ ಅಲ್ಲೇ, ಚರ್ಮದಡಿ ಮುಚ್ಚಿಕೊಂಡಿದೆ. ಎರಡು ಕೆನ್ನೆಗಳನ್ನೂ ಮೇಲಿನಿಂದ ಹೋಲಿಸಿ ನೋಡಿ. ಒಂದು ಕಡೆ ಪಟ್ಟೆ ಗೋಲಿಯಂತೆ ಉಬ್ಬಿದ್ದರೆ ಒಳಗೆ ಕೀವು ಕಟ್ಟಿದೆ. ಸರೀಸೃಪದ ಕೀವು ನಮ್ಮದರಂತೆ ನೀರಾಗಿ ಹರಿಯುವುದಿಲ್ಲ, ಪನೀರಿನಂತೆ ಗಟ್ಟಿ. ಅದನ್ನು ಕರಗಿಸುವ ಕಿಣ್ವ ಅದರ ಬಿಳಿ ರಕ್ತಕಣಗಳಲ್ಲಿ ಇಲ್ಲ. ಒಡೆದು ಹೋಗುತ್ತದೆ ಎಂದು ಕಾದರೆ ಒಡೆಯುವುದಿಲ್ಲ, ಔಷಧ ಒಂದೇ ಕೊಟ್ಟರೆ ಆ ಗಡ್ಡೆಯೊಳಗೆ ಇಳಿಯುವುದಿಲ್ಲ. ವೈದ್ಯರು ಕೊಯ್ದು ತೆಗೆಯಲೇಬೇಕು. ಇದಕ್ಕೂ, ಆಮೆಯ ಕಣ್ಣುರೆಪ್ಪೆ ಊದಿ ಮುಚ್ಚಿಕೊಳ್ಳುವುದಕ್ಕೂ ಹಲವು ಸಲ ಒಂದೇ ಬೇರು: ಎ ವಿಟಮಿನ್ನಿನ ಕೊರತೆ. ಡಬ್ಬಿಯ ಒಣ ಸಿಗಡಿಯನ್ನೇ ವರ್ಷಗಟ್ಟಲೆ ತಿಂದ ಆಮೆಗಳಲ್ಲಿ ಇದು ಹೆಚ್ಚು. ಕಣ್ಣಿನ, ಕಿವಿಯ ನಾಳಗಳ ನಯವಾದ ಒಳಪದರ ಒರಟಾಗಿ ಉದುರಿ ನಾಳ ಕಟ್ಟುತ್ತದೆ. ಕಣ್ಣು ಕಾಣದ ಆಮೆ ಊಟ ಹುಡುಕಲಾರದು, ಊಟವಿಲ್ಲದೆ ವಿಟಮಿನ್ ಇನ್ನಷ್ಟು ಇಳಿಯುತ್ತದೆ. ಹಾಗೆಂದು ಎ ವಿಟಮಿನ್ನಿನ ಚುಚ್ಚುಮದ್ದನ್ನು ಅಂದಾಜಿನ ಮೇಲೆ ಕೊಟ್ಟರೆ ಅತಿಯಾಗಿ ಚರ್ಮವೇ ಸುಲಿದು ಬರುತ್ತದೆ. ಅಳತೆ ವೈದ್ಯರಿಗೆ ಬಿಟ್ಟದ್ದು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಲೆಪರ್ಡ್ ಗೆಕೊ ಎಂಬ ಹಲ್ಲಿ ತನ್ನ ಕೊಬ್ಬನ್ನು ಬಾಲದಲ್ಲಿ ಕೂಡಿಡುತ್ತದೆ. ಅದರ ಬಾಲ ಕಡ್ಡಿಯಾಗುತ್ತಾ ಬಂದರೆ ಕರುಳಿನ ಪರಾವಲಂಬಿಯ ಶಂಕೆ ಮೂಡಬೇಕು, ಮನೆಯಲ್ಲಿ ಬೇರೆ ಗೆಕೊಗಳಿದ್ದರೆ ಅಂದೇ ಬೇರ್ಪಡಿಸಬೇಕು. ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಅವುಗಳ ಮೂತ್ರ, ಯೂರಿಕ್ ಆಮ್ಲ. ಅದು ಸುಣ್ಣದಂತೆ ಗಟ್ಟಿಯಾದರೆ ನೀರು ಸಾಲದು, ಹಸಿರಾದರೆ ಪಿತ್ತಜನಕಾಂಗಕ್ಕೆ ತೊಂದರೆ. ಹೆಣ್ಣು ಆಮೆ ಗಂಡಿನ ಸಹವಾಸವಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ; ಹಿಂಗಾಲಿನಿಂದ ಗಾಜನ್ನು ಕೆರೆಯುತ್ತಾ ಚಡಪಡಿಸುತ್ತಿದ್ದರೆ ಅದಕ್ಕೆ ಬೇಕಿರುವುದು ಗುಂಡಿ ತೋಡಲು ಮಣ್ಣು. ಮಣ್ಣು ಸಿಕ್ಕೂ ಮೊಟ್ಟೆ ಇಡದೆ ಮಂಕಾಗಿ ಮುಕ್ಕರಿಯುತ್ತಿದ್ದರೆ ಎಕ್ಸ್‌ರೇ ಆಗಬೇಕು. ಹೆಬ್ಬಾವೋ ಬೋವಾವೋ ತಲೆಯನ್ನು ಹಿಂದಕ್ಕೆ ತಿರುಚಿ ಆಕಾಶ ನೋಡುವಂತೆ ನಿಂತರೆ, ಮಗುಚಿ ಹಾಕಿದಾಗ ಮತ್ತೆ ಹೊರಳಲು ಆಗದಿದ್ದರೆ ಮಿದುಳಿಗೆ ಪೆಟ್ಟು ಬಿದ್ದಿದೆ. ದಶಕಗಳ ಕಾಲ ಕಾರಣ ತಿಳಿಯದಿದ್ದ ಇಂಥ ಒಂದು ಮಾರಕ ರೋಗದ ಹಿಂದೆ ಅರೆನಾವೈರಸ್ ಬಳಗದ ವೈರಸ್ ಇರುವುದು 2012ರಲ್ಲಷ್ಟೇ ಗೊತ್ತಾಯಿತು. ಅದಕ್ಕೆ ಮದ್ದಿಲ್ಲ. ಹೊಸ ಹಾವನ್ನು ತಿಂಗಳುಗಟ್ಟಲೆ ಪ್ರತ್ಯೇಕವಾಗಿಡುವುದು ಇದೇ ಕಾರಣಕ್ಕೆ.

ಒಂದು ಮಾತು ನಕ್ಷತ್ರ ಆಮೆಯ ಬಗ್ಗೆ. ನಮ್ಮ ಬಯಲುಸೀಮೆಯ ಕುರುಚಲು ಕಾಡಿನ ಈ ಆಮೆಯನ್ನು ಅದೃಷ್ಟದ ನಂಬಿಕೆಗೆ ಕದ್ದು ತಂದು ಸಾಕುವ ಮನೆಗಳು ಇನ್ನೂ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದು ಅಪರಾಧ. ಆ ಭಯಕ್ಕೆ ಕಾಯಿಲೆ ಬಿದ್ದರೂ ವೈದ್ಯರಲ್ಲಿಗೆ ಒಯ್ಯದೆ, ಅಕ್ಕಿ ಟೊಮೆಟೊ ತಿನ್ನಿಸುತ್ತಾ ಮೂಲೆಯಲ್ಲಿ ಸಾಯಲು ಬಿಡುತ್ತಾರೆ. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ಆ ಜೀವಕ್ಕೆ ಉಳಿದಿರುವ ದಾರಿ. ಹಾಗೆಯೇ ಕಾಯಿಲೆಯ ಕೆಂಪುಕಿವಿ ಆಮೆಯನ್ನು ಕೆರೆಗೆ ಬಿಡುವುದು ಕರುಣೆ ಎಂದುಕೊಳ್ಳಬೇಡಿ. ಹೊರನಾಡಿನ ಈ ಆಮೆ ನಮ್ಮ ಕೆರೆಯ ಆಮೆಗಳ ಬಿಸಿಲುಬಂಡೆ, ಆಹಾರ ಎರಡನ್ನೂ ಕಿತ್ತುಕೊಳ್ಳುತ್ತದೆ, ತನ್ನ ರೋಗವನ್ನೂ ಹಂಚುತ್ತದೆ.

ಆ ಹುಡುಗಿಯ ಆಮೆಯನ್ನು ಮರುದಿನವೇ ಟವೆಲ್ ಹಾಸಿದ ಡಬ್ಬಿಯಲ್ಲಿ, ನೀರಿಲ್ಲದೆ, ಬೆಚ್ಚಗೆ ಒಯ್ದೆವು. ನಾಯಿ ಬೆಕ್ಕುಗಳ ಜೊತೆ ಇಂಥ ಪ್ರಾಣಿಗಳನ್ನೂ ಬಲ್ಲ ವೈದ್ಯರು ಸಿಕ್ಕಿದ್ದು ಪುಣ್ಯ. ತೊಟ್ಟಿಯ ಫೋಟೊ, ಥರ್ಮಾಮೀಟರಿನ ಫೋಟೊ, ಆಹಾರದ ಡಬ್ಬಿ ಮೂರನ್ನೂ ಕೇಳಿ ನೋಡಿದರು. ಕಾಯಿಲೆಯ ಅರ್ಧ ಕತೆ ಅಲ್ಲೇ ಇರುತ್ತದಂತೆ. ಎಕ್ಸ್‌ರೇಯಲ್ಲಿ ಎಡ ಪುಪ್ಪುಸ ಮಬ್ಬಾಗಿತ್ತು. ಚುಚ್ಚುಮದ್ದನ್ನು ಮುಂಗಾಲಿಗೆ ಕೊಟ್ಟರು, ಏಕೆಂದರೆ ಸರೀಸೃಪದ ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ಮೂಲಕ ಹಾಯ್ದು ಹೋಗಬಹುದು, ಔಷಧ ಅಲ್ಲೇ ಸೋರಿಹೋದೀತು. ಮುಂದಿನ ಚುಚ್ಚುಮದ್ದು ಮೂರು ದಿನ ಬಿಟ್ಟು. ದೇಹ ನಿಧಾನ, ಔಷಧ ಹೊರಹೋಗುವುದೂ ನಿಧಾನ. "ಬೆಚ್ಚಗೆ ಇಡದಿದ್ರೆ ನನ್ನ ಔಷಧಿ ಕೆಲಸ ಮಾಡಲ್ಲಮ್ಮ" ಎಂದು ವೈದ್ಯರು ಹುಡುಗಿಗೇ ಹೇಳಿದರು.

ಎರಡನೆಯ ವಾರ ಒಂದು ಬೆಳಗ್ಗೆ ಅವಳ ಅಮ್ಮ ಫೋನ್ ಮಾಡಿ ಅತ್ತರು. ರಾತ್ರಿ ಕರೆಂಟ್ ಹೋಗಿ ಹೀಟರ್ ನಿಂತಿತ್ತು, ಆಮೆ ತಣ್ಣಗೆ, ಕತ್ತು ಜೋತು, ಅಲುಗಾಡದೆ ಬಿದ್ದಿತ್ತು. ಮಣ್ಣು ಮಾಡಲು ಕುಂಡ ಖಾಲಿ ಮಾಡಿದ್ದರು. ನಾನು ಬೇಡವೆಂದೆ. ಇದರ ಹತ್ತಿರದ ನೆಂಟ, ಉತ್ತರ ಅಮೆರಿಕದ ಬಣ್ಣದ ಆಮೆ, 3 ಡಿಗ್ರಿಯ ನೀರಿನಲ್ಲಿ ಆಮ್ಲಜನಕವೇ ಇಲ್ಲದೆ ಮೂರು ತಿಂಗಳು ಬದುಕಬಲ್ಲದು. ರಕ್ತದಲ್ಲಿ ಏರುವ ಆಮ್ಲವನ್ನು ಚಿಪ್ಪಿನ ಸುಣ್ಣದಿಂದಲೇ ತಣಿಸಿಕೊಳ್ಳುತ್ತದೆ. ಇಂಥ ಪ್ರಾಣಿಯ ಉಸಿರು ಕಾಣಲಿಲ್ಲವೆಂದು ಸತ್ತಿತು ಎನ್ನಲಾಗದು. ಸತ್ತ ಮೇಲೂ ಗಂಟೆಗಟ್ಟಲೆ ಹೃದಯ ಮಿಡಿಯುವುದುಂಟು, ಬದುಕಿದ್ದಾಗಲೂ ನಿಮಿಷಕ್ಕೆ ಒಂದೆರಡೇ ಸಲ ಮಿಡಿಯುವುದುಂಟು. ಹಾಗಾಗಿ ವೈದ್ಯರೇ ಡಾಪ್ಲರ್ ಯಂತ್ರ ಇಟ್ಟು ಕೇಳುತ್ತಾರೆ. ಒಣ ಟವೆಲಿನಲ್ಲಿಟ್ಟು, ನಿಧಾನಕ್ಕೆ, ಬಿಸಿನೀರು ಸುರಿಯದೆ, ಕೋಣೆಯನ್ನು ಬೆಚ್ಚಗೆ ಮಾಡಿ ಕಾಯಿರಿ ಎಂದೆ.

ಮಧ್ಯಾಹ್ನ ಮೂರಕ್ಕೆ ಹುಡುಗಿಯ ಫೋನ್ ಬಂತು. ಹಿಂಗಾಲು ಮುಟ್ಟಿದರೆ ಒಳಗೆ ಎಳೆದುಕೊಳ್ಳುತ್ತಿದೆಯಂತೆ. ತೂಗಿ ನೋಡಿದ್ದಳು, 214 ಗ್ರಾಂ. ನೋಟ್‌ಬುಕ್ಕಿನಲ್ಲಿ ಬರೆದು ಪಕ್ಕದಲ್ಲಿ ಕೋಣೆಯ ಉಷ್ಣತೆಯನ್ನೂ ಬರೆದಿಟ್ಟಿದ್ದಳು, 28.